ಮಗುವಿನ ಮುಂದೆ ಓದಬಹುದಾದ ಟಿಪ್ಪಣಿ: ಓದಿನ ವಹಿ ಮತ್ತು ಸಮಾಲೋಚನೆಯ ಒಂದು ಅನುಭವ

ಪೀಠಿಕೆ

ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಸೇರಿದ ನನ್ನ ಬೋಧನಾ ವಿಷಯಗಳು ವಿಜ್ಞಾನ ಮತ್ತು ಗಣಿತ. ಎರಡನೇ ವರ್ಷದ 16 ವಾರಗಳ ಶಾಲಾ ಇಂಟರ್ನ್‌ಶಿಪ್‌ಗೆ ನನ್ನನ್ನು ಬೈಲಹೊಂಗಲ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಅಲ್ಲಿ ಎಂಟನೇ ತರಗತಿಯ 32 ಮಕ್ಕಳೊಂದಿಗೆ ಓದಿನ ವಹಿ ಮತ್ತು ಸಮಾಲೋಚನಾ ಟಿಪ್ಪಣಿಗಳನ್ನು ಬಳಸಿದ ಅನುಭವವನ್ನು ಇಲ್ಲಿ ದಾಖಲಿಸಿದ್ದೇನೆ. ಕೆಲವು ಭಾಗ ಕೈಗೂಡಿತು. ಒಂದು ಕಡೆ ನಾನು ದೊಡ್ಡ ತಪ್ಪು ಮಾಡಿದೆ. ಆ ತಪ್ಪಿನಿಂದ ಕಲಿತದ್ದೇ ಈ ಲೇಖನದ ಮುಖ್ಯ ಭಾಗ.

“ವಿಜ್ಞಾನದವರಿಗೆ ಓದಿನ ವಹಿಯ ಉಸಾಬರಿ ಯಾಕೆ? ಅದು ಭಾಷಾ ಶಿಕ್ಷಕರ ಕೆಲಸ ಅಲ್ಲವೇ?” ಎಂದು ಸಹಪಾಠಿಗಳು ಕೇಳಿದ್ದುಂಟು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಎನ್‌ಸಿಟಿಇ 2014ರ ನಿಯಮಗಳಂತೆ ಬಿ.ಇಡಿ. ಎರಡು ವರ್ಷದ ಕೋರ್ಸ್ ಆದ ಮೇಲೆ ‘ಪಠ್ಯಕ್ರಮದಾದ್ಯಂತ ಭಾಷೆ’, ‘ಪಠ್ಯಗಳ ಓದು ಮತ್ತು ಪ್ರತಿಫಲನ’ ಎಂಬ ವಿಷಯಗಳು ಎಲ್ಲ ಪ್ರಶಿಕ್ಷಣಾರ್ಥಿಗಳಿಗೂ ಬಂದಿವೆ. ಮೊದಲ ವರ್ಷ ಅವನ್ನು ಪರೀಕ್ಷೆಗಾಗಿ ಓದಿದ್ದೆ. ಅವು ಏಕೆ ಬೇಕು ಎಂಬುದು ಶಾಲೆಗೆ ಹೋದ ಮೇಲೆ ತಿಳಿಯಿತು.

ಸಮಸ್ಯೆ ಕಂಡದ್ದು ಹೇಗೆ

ಜುಲೈನಲ್ಲಿ ಬೆಳೆ ಉತ್ಪಾದನೆಯ ಪಾಠ ನಡೆದಿತ್ತು. ತರಗತಿಯ ಬಹುಪಾಲು ಮಕ್ಕಳು ಒಕ್ಕಲುತನದ ಮನೆಯವರು. ಕೂರಿಗೆಯಿಂದ ಬಿತ್ತುವುದು, ಎಡೆ ಹೊಡೆಯುವುದು, ಮುಂಗಾರಿಗೆ ಸೋಯಾಬೀನ್, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ, ಇವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬಾಯಿಮಾತಿನ ಪ್ರಶ್ನೆಗಳಿಗೆ ಪುಟಪುಟನೆ ಉತ್ತರ ಬಂದವು. ಪಾಠ ಯಶಸ್ವಿಯಾಯಿತು ಎಂದು ದಿನಚರಿಯಲ್ಲಿ ಬರೆದುಕೊಂಡೆ.

ಘಟಕ ಪರೀಕ್ಷೆಯಲ್ಲಿ “ಕಳೆ ನಿಯಂತ್ರಣದ ಎರಡು ವಿಧಾನಗಳನ್ನು ಬರೆಯಿರಿ” ಎಂದು ಕೇಳಿದ್ದೆ. ಅನೇಕರು ಜಾಗ ಖಾಲಿ ಬಿಟ್ಟಿದ್ದರು. ದಿನಾಲೂ ಹೊಲಕ್ಕೆ ಹೋಗುವ ಒಬ್ಬ ಹುಡುಗನನ್ನು ಕರೆದು ಕೇಳಿದೆ. “ಮೇಡಮ್ರಿ, ಕಳೆ ಅಂದ್ರ ಲೆಕ್ಕದಾಗ ಕಳೀತೀವಲ್ರಿ, ಅದೇನ್ರಿ?” ಎಂದ. ಅವನ ಮನೆಯಲ್ಲಿ ಅದಕ್ಕೆ ‘ಕಸ’ ಎನ್ನುತ್ತಾರೆ. ಅವರು ಹೊಲದಲ್ಲಿ ಕಸ ತೆಗೆಯುತ್ತಾರೆ, ಕಳೆ ಕೀಳುವುದಿಲ್ಲ. ಪಾಠ ಮಾಡುವಾಗ ನಾನು ಚಿತ್ರ ತೋರಿಸಿ ‘ಕಳೆ’ ಎಂದಾಗ ಎಲ್ಲರೂ ತಲೆಯಾಡಿಸಿದ್ದರು. ಅವರಿಗೆ ವಿಷಯ ಗೊತ್ತಿತ್ತು, ಪುಟದ ಮೇಲಿನ ಪದ ಗೊತ್ತಿರಲಿಲ್ಲ. ಮಕ್ಕಳು ಓದುವಾಗ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ತಿಳಿಯಲು ನನ್ನ ಬಳಿ ಯಾವ ಸಾಧನವೂ ಇರಲಿಲ್ಲ. ಈ ಕಾರಣಕ್ಕೆ ಓದಿನ ವಹಿಯನ್ನು ಆರಂಭಿಸಿದೆ.

ಕೈಗೊಂಡ ಕ್ರಮ

ಈ ಪದ್ಧತಿ ಹೊಸದಲ್ಲ. ಅಮೆರಿಕದ ಶಿಕ್ಷಕಿ ನ್ಯಾನ್ಸಿ ಆಟ್‌ವೆಲ್ 1987ರಲ್ಲಿ ಪ್ರಕಟಿಸಿದ ‘ಇನ್ ದ ಮಿಡಲ್’ ಕೃತಿಯಲ್ಲಿ, ಮಕ್ಕಳು ತಾವು ಓದಿದ ಪುಸ್ತಕದ ಬಗ್ಗೆ ಶಿಕ್ಷಕರಿಗೆ ಪತ್ರದಂತೆ ಬರೆಯುವುದನ್ನೂ ಶಿಕ್ಷಕರು ಒಬ್ಬೊಬ್ಬರೊಂದಿಗೆ ಸ್ವಲ್ಪ ಹೊತ್ತು ಮಾತನಾಡುವುದನ್ನೂ ವಿವರಿಸಿದ್ದಾರೆ. ಅವರ ಶಾಲೆ ಚಿಕ್ಕದು, ತರಗತಿಯಲ್ಲೇ ಪುಸ್ತಕ ಭಂಡಾರವಿತ್ತು. ನಮ್ಮ ಶಾಲೆಯಲ್ಲಿ ಇದ್ದದ್ದು ಒಂದು ಕಪಾಟು. ಆದ್ದರಿಂದ ಕ್ರಮವನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಂಡೆ.

ಓದಲು ವಿಜ್ಞಾನ ಪಠ್ಯಪುಸ್ತಕ, ಕಪಾಟಿನ ಪುಸ್ತಕಗಳು ಮತ್ತು ದಿನಪತ್ರಿಕೆಗಳನ್ನು ಇಟ್ಟುಕೊಂಡೆವು. 2020ರ ‘ಓದುವ ಬೆಳಕು’ ಅಭಿಯಾನದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಕೆಲವು ಮಕ್ಕಳು ಅಲ್ಲಿಂದಲೂ ಪುಸ್ತಕ ತಂದರು.

ಪ್ರತಿ ಮಗು ಒಂದು ವಹಿಯಲ್ಲಿ ದಿನಾಂಕ ಮತ್ತು ಪುಟ ಸಂಖ್ಯೆ ಹಾಕಿ ಮೂರೇ ಸಾಲು ಬರೆಯಬೇಕು:

1. ನನಗೆ ತಿಳಿದ ಒಂದು ಸಂಗತಿ.
2. ನಾನು ನಿಂತ ಪದ ಅಥವಾ ಸಾಲು.
3. ನನ್ನ ಒಂದು ಪ್ರಶ್ನೆ.

ವಾರದಲ್ಲಿ ಎರಡು ವಿಜ್ಞಾನ ಅವಧಿಗಳ ಮೊದಲ 15 ನಿಮಿಷ ಮತ್ತು ಶನಿವಾರ ಬೆಳಗಿನ ಶಾಲೆಯ ಒಂದು ಅವಧಿಯನ್ನು ಮಾರ್ಗದರ್ಶಕ ಶಿಕ್ಷಕಿಯವರು ಇದಕ್ಕೆ ಬಿಟ್ಟುಕೊಟ್ಟರು. ಉಳಿದವರು ಓದುತ್ತಿರುವಾಗ ನಾನು ಒಬ್ಬೊಬ್ಬರನ್ನು ಕರೆದು ಮೂರು ನಿಮಿಷ ಮಾತನಾಡುತ್ತಿದ್ದೆ. ವಾರದ ಎರಡು ದಿನ ನಾಲ್ಕು ನಾಲ್ಕು ಮಕ್ಕಳು, ಶನಿವಾರ ಎಂಟು. ಹೀಗೆ ಎರಡು ವಾರಕ್ಕೆ ಒಮ್ಮೆ ಪ್ರತಿ ಮಗುವಿನ ಸರದಿ. ಕೇಳುತ್ತಿದ್ದ ಪ್ರಶ್ನೆಗಳೂ ಮೂರೇ: ಏನು ಓದಿದಿ? ಎಲ್ಲಿ ನಿಂತಿ? ಅದು ಯಾವ ಸಾಲಿನಾಗ ಐತಿ, ತೋರಿಸು. ಮಗು ಹೋದ ಮೇಲೆ ಒಂದೆರಡು ಸಾಲಿನ ಸಮಾಲೋಚನಾ ಟಿಪ್ಪಣಿಯನ್ನು ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ.

ಮೊದಲ ವಾರಗಳು: ಅಂಕ ಬಂತು, ಓದು ಹೋಯಿತು

ಮಕ್ಕಳು ತಪ್ಪದೆ ಬರೆಯಲಿ ಎಂಬ ಆಸೆಯಿಂದ “ಈ ವಹಿಗೆ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಅಂಕ ಉಂಟು” ಎಂದು ಹೇಳಿಬಿಟ್ಟೆ. ಮರುವಾರ ಮೂರು ಸಾಲು ಅರ್ಧ ಪುಟವಾಯಿತು. ಎರಡು ಬಣ್ಣದ ಪೆನ್ನು, ಕೆಳಗೆ ಗೆರೆ, ಅಂಚಿಗೆ ಹೂವು ಬಂದವು. ಓದಿ ನೋಡಿದರೆ ಪುಸ್ತಕದ ಹಿಂಬದಿಯ ಪರಿಚಯವನ್ನೇ ಇಳಿಸಿದ್ದರು. ‘ನಾನು ನಿಂತ ಪದ’ ಎಂಬಲ್ಲಿ ಬಹಳ ಮಕ್ಕಳು ‘ಇಲ್ಲ’ ಎಂದು ಬರೆದಿದ್ದರು. ಅಂಕ ಕೊಡುವವರ ಮುಂದೆ ತಿಳಿಯದ ಪದವನ್ನು ಯಾರು ತಾನೆ ಒಪ್ಪಿಕೊಂಡಾರು?

ಅಂಕದ ಮಾತನ್ನು ಹಿಂದಕ್ಕೆ ಪಡೆದೆ. ಎರಡನೇ ಸಾಲು ಖಾಲಿ ಇದ್ದರೆ ಮಾತ್ರ ವಹಿ ಅಪೂರ್ಣ ಎಂದು ಹೇಳಿದೆ. ನಾನೂ ಒಂದು ವಹಿ ಇಟ್ಟು, ನಾನು ಓದುವಾಗ ನಿಂತ ಪದಗಳನ್ನು ಶನಿವಾರ ಮಕ್ಕಳಿಗೆ ಓದಿ ಹೇಳತೊಡಗಿದೆ. ಆಮೇಲೆ ನಿಜವಾದ ಪದಗಳು ಬರತೊಡಗಿದವು.

ಒಬ್ಬ ಹುಡುಗನ ವಹಿ ಎಣ್ಣೆಯ ಕಲೆಗಳಿಂದ ತುಂಬಿತ್ತು, ಅಕ್ಷರ ಸೊಟ್ಟ. ಅವನು ಪತ್ರಿಕೆಯಲ್ಲಿ ಬರುವ ಮಲಪ್ರಭಾ ಜಲಾಶಯದ ನೀರಿನ ಮಟ್ಟದ ಪಟ್ಟಿಯನ್ನು ಓದಿದ್ದ. ಪ್ರಶ್ನೆಯ ಸಾಲಿನಲ್ಲಿ “ಮಟ್ಟ ಅಡಿಯಲ್ಲಿ ಬರೀತಾರ, ಒಳಹರಿವು ಕ್ಯೂಸೆಕ್‌ನಲ್ಲಿ ಬರೀತಾರ, ಎರಡೂ ನೀರೇ ಅಲ್ಲವಾ?” ಎಂದು ಬರೆದಿದ್ದ. ಮರುದಿನದ ಗಣಿತ ಅವಧಿಗೆ ನಾನು ಸಿದ್ಧಪಡಿಸಿದ್ದ ಪಾಠ ಯೋಜನೆಯನ್ನು ಬದಿಗಿಟ್ಟು ಆ ಪ್ರಶ್ನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಹರಿಯುವ ಒಂದು ಘನ ಅಡಿ ನೀರು, ಅಂದರೆ ಸುಮಾರು 28.3 ಲೀಟರ್. ಅದು ಇಡೀ ದಿನ ಹರಿದರೆ 86,400 ಘನ ಅಡಿ, ಸುಮಾರು 24.5 ಲಕ್ಷ ಲೀಟರ್. ಮಟ್ಟವು ನಿಂತ ನೀರಿನ ಎತ್ತರ, ಕ್ಯೂಸೆಕ್ ಹರಿಯುವ ನೀರಿನ ದರ. ಲೆಕ್ಕವನ್ನು ಮಕ್ಕಳೇ ಬಿಡಿಸಿದರು. ಅಂಕದ ವ್ಯವಸ್ಥೆ ಇದ್ದಿದ್ದರೆ ಈ ವಹಿಗೆ ನಾನು ಕಡಿಮೆ ಅಂಕ ಕೊಡುತ್ತಿದ್ದೆ ಎಂಬುದು ಖಂಡಿತ.

ನಾನು ಮಾಡಿದ ತಪ್ಪು

ಅದೇ ತರಗತಿಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರದ ಒಬ್ಬ ಹುಡುಗಿ ಇದ್ದಳು. ಆಕೆಯ ವಹಿಗೆ ಮೂರು ಬಾರಿ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದಿದ್ದೆ. ಸಮಾಲೋಚನೆಯ ಸರದಿ ಬಂದಾಗ ಆಕೆ ಬರೆದ ಸಾಲು ಪಠ್ಯದಲ್ಲಿ ಎಲ್ಲಿದೆ ತೋರಿಸು ಎಂದೆ. ಆಕೆ ಪುಟ ತೆರೆದು ಸುಮ್ಮನೆ ಕೂತಳು. ಓದು ಎಂದೆ. ಎರಡು ಪದ ಓದಿ ನಿಂತಳು. ವಹಿಯಲ್ಲಿದ್ದದ್ದೆಲ್ಲ ಪಕ್ಕದ ಗೆಳತಿಯ ಬರಹದ ನಕಲು.

ಮೋಸ ಹೋದೆನಲ್ಲ ಎಂಬ ಸಿಟ್ಟು ಬಂತು. ನನ್ನ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ “ಓದಲು ಬರುವುದಿಲ್ಲ. ನಕಲು ಮಾಡುತ್ತಾಳೆ” ಎಂದು ಬರೆದೆ. ಬಿಡುವಿನಲ್ಲಿ ಆ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಶಿಕ್ಷಕರ ಕೊಠಡಿಗೆ ಹೋದೆ. ಮರಳಿ ಬರುವಷ್ಟರಲ್ಲಿ ಯಾರೋ ಅದನ್ನು ತೆರೆದು ಎಲ್ಲರಿಗೂ ಕೇಳುವಂತೆ ಓದಿದ್ದರು. ಹಿಂದಿನ ಬೆಂಚಿನಲ್ಲಿ ನಗು ಇನ್ನೂ ನಿಂತಿರಲಿಲ್ಲ. ಆ ಹುಡುಗಿ ತಲೆ ಬಗ್ಗಿಸಿ ಕೂತಿದ್ದಳು. ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಪುಸ್ತಕ ಮುಟ್ಟಿದ ಮಕ್ಕಳನ್ನು ಗದರಿಸಬೇಕೆಂದಿದ್ದೆ. ನಡೆದದ್ದನ್ನು ಮಾರ್ಗದರ್ಶಕ ಶಿಕ್ಷಕಿಯವರಿಗೆ ಹೇಳಿದಾಗ ಅವರು, “ನೀ ಬರದದ್ದು ಖರೆನೋ ಸುಳ್ಳೋ ಆಮ್ಯಾಲೆ ನೋಡೂಣು. ಅದನ್ನ ಆಕಿ ಮುಂದ ಓದಿ ಹೇಳಾಕ ಬರ್ತಿತ್ತೇನವಾ?” ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಮೂರನೇ ದಿನ ಅವರು ಹೇಳಿ ಕಳಿಸಿದ ಮೇಲೆ ಹುಡುಗಿ ಬಂದಳು. ಊಟದ ಬಿಡುವಿನಲ್ಲಿ ಆಕೆಯನ್ನು ವರಾಂಡದ ಕಟ್ಟೆಯ ಮೇಲೆ ಪಕ್ಕಕ್ಕೆ ಕೂರಿಸಿಕೊಂಡೆ. ನನ್ನದು ತಪ್ಪಾಯಿತು ಎಂದು ಹೇಳಿ, ಆ ಸಾಲನ್ನು ಆಕೆಯ ಎದುರೇ ಹೊಡೆದುಹಾಕಿದೆ. “ಇಲ್ಲಿ ಏನು ಬರೀಲಿ, ನೀನೇ ಹೇಳು” ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ಒತ್ತಕ್ಷರ ಬಂದ್ರ ನಿಲ್ತೀನ್ರಿ ಅಂತ ಬರೀರಿ” ಎಂದಳು.

ಪರೀಕ್ಷಿಸಿ ನೋಡಿದರೆ ಆಕೆ ಹೇಳಿದ್ದು ಅಕ್ಷರಶಃ ನಿಜ. ‘ಹೊಲ’, ‘ಬೀಜ’, ‘ನೀರಾವರಿ’ ಓದುತ್ತಾಳೆ. ‘ಉತ್ಪನ್ನ’ದಲ್ಲಿ ತಡವರಿಸುತ್ತಾಳೆ. ‘ಸೂಕ್ಷ್ಮಜೀವಿ’ಯಲ್ಲಿ ಒಂದರ ಕೆಳಗೊಂದು ಸೇರಿದ ಅಕ್ಷರಗಳ ಮುಂದೆ ಪೂರ್ತಿ ನಿಲ್ಲುತ್ತಾಳೆ. ವಿಜ್ಞಾನ ಪುಸ್ತಕದಲ್ಲಿ ಇಂಥ ಪದಗಳೇ ಸಾಲುಸಾಲಾಗಿ ಬರುತ್ತವೆ. ‘ಓದಲು ಬರುವುದಿಲ್ಲ’ ಎಂಬ ನನ್ನ ಟಿಪ್ಪಣಿ ಆಕೆಗೆ ನೋವು ಕೊಟ್ಟದ್ದಷ್ಟೇ ಅಲ್ಲ, ಅದು ತಪ್ಪು ಮಾಹಿತಿಯೂ ಆಗಿತ್ತು. ಅದರಿಂದ ನಾನು ಮಾಡಬೇಕಾದ ಮುಂದಿನ ಕೆಲಸ ಯಾವುದೆಂದು ತಿಳಿಯುತ್ತಿರಲಿಲ್ಲ. ಆಕೆಯ ಒಂದು ವಾಕ್ಯದಿಂದ ಕೂಡಲೇ ತಿಳಿಯಿತು.

ಟಿಪ್ಪಣಿಯ ರೀತಿ ಬದಲಾದದ್ದು

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಮಗುವಿನ ಮುಂದೆ ಓದಿ ಹೇಳಲಾಗದ್ದನ್ನು ಟಿಪ್ಪಣಿಯಲ್ಲಿ ಬರೆಯಬಾರದು. ಬರೆದ ಮೇಲೆ ಮಗುವಿಗೆ ಓದಿ ಹೇಳಿ, “ಸರಿ ಐತೇನು?” ಎಂದು ಕೇಳತೊಡಗಿದೆ. ಮಗು ಹೇಗಿದೆ ಎಂದು ಬರೆಯುವುದನ್ನು ಬಿಟ್ಟು, ಮಗು ಏನು ಮಾಡಿತು, ಮುಂದೆ ನಾನು ಏನು ಮಾಡಬೇಕು ಎಂದು ಬರೆದೆ. ಕೆಲವು ಉದಾಹರಣೆಗಳು:

ಮೊದಲು: ಗಮನವಿಲ್ಲ.
ನಂತರ: ಪುಟದ ಅರ್ಧಕ್ಕೆ ಓದು ಬಿಟ್ಟ. ಚಿತ್ರದ ಕೆಳಗಿನ ಸಾಲನ್ನು ತಾನೇ ಓದಿದ. ಮುಂದಿನ ಸಲ ಚಿತ್ರದಿಂದ ಆರಂಭಿಸಬೇಕು.

ಮೊದಲು: ಶಬ್ದಸಂಪತ್ತು ಕಡಿಮೆ.
ನಂತರ: ‘ಕಳೆ’ಗೆ ಮನೆಯ ಮಾತು ‘ಕಸ’ ಎಂದು ಹೇಳಿದ. ನಾಳೆ ಎರಡೂ ಪದಗಳನ್ನು ಹಲಗೆಯ ಮೇಲೆ ಬರೆಯಬೇಕು.

ಮೊದಲು: ಓದಲು ಬರುವುದಿಲ್ಲ.
ನಂತರ: ಒತ್ತಕ್ಷರದಲ್ಲಿ ನಿಲ್ಲುತ್ತಾಳೆ, ಸರಳ ಪದಗಳನ್ನು ಓದುತ್ತಾಳೆ. ವಾರಕ್ಕೆ ಐದು ವಿಜ್ಞಾನ ಪದಗಳನ್ನು ಬಿಡಿಸಿ ಓದಿಸಬೇಕು.

ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೇ ಕಲಮು ಮಗುವನ್ನು ಭಯ ಮತ್ತು ಆತಂಕದಿಂದ ಮುಕ್ತಗೊಳಿಸಬೇಕು, ಮಗು ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳುವುದೂ ಅದೇ ಕಲಮು. ಎಂಟನೇ ತರಗತಿಯು ಈ ಕಾಯ್ದೆಯ ವ್ಯಾಪ್ತಿಯಲ್ಲೇ ಬರುತ್ತದೆ. ಪರೀಕ್ಷೆಗೆ ಓದುವಾಗ ಇವು ನನಗೆ ಎರಡು ಬೇರೆ ಅಂಶಗಳಾಗಿದ್ದವು. ಭಯವಿದ್ದಲ್ಲಿ ಮೌಲ್ಯಮಾಪನವೂ ಸುಳ್ಳಾಗುತ್ತದೆ ಎಂಬುದನ್ನು ಈ ಹುಡುಗಿಯ ನಕಲು ವಹಿ ಕಲಿಸಿತು.

ಸಹಪಾಠಿಗಳ ತರಗತಿಗಳಿಂದ

ಇಂಟರ್ನ್‌ಶಿಪ್ ಅವಧಿಯಲ್ಲಿ ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಶಾಲೆಗಳಲ್ಲಿದ್ದ ಮೂವರು ಸಹಪಾಠಿಗಳೂ ಇದೇ ಕ್ರಮವನ್ನು ಬಳಸಿ ನೋಡಿದರು. ಅವರವರ ಊರಿನಲ್ಲಿ ಬೇರೆ ಬೇರೆ ತೊಡಕುಗಳು ಕಂಡವು.

ಕಿತ್ತೂರಿನಲ್ಲಿ ಸಮಾಜ ವಿಜ್ಞಾನದ ಸಹಪಾಠಿ 1824ರ ಯುದ್ಧದ ಬಗ್ಗೆ ಒಂದು ಪುಟ ಓದಿಸಿದರು. ಮಕ್ಕಳು ಅಕ್ಟೋಬರ್ 23ರಂದು ಥ್ಯಾಕರೆ ಸತ್ತದ್ದು, ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟದ್ದು, 1829ರಲ್ಲಿ ಆಕೆ ಅಲ್ಲೇ ತೀರಿಕೊಂಡದ್ದು, ಎಲ್ಲವನ್ನೂ ವಹಿಯಲ್ಲಿ ಬರೆದರು. “ಇದು ಯಾವ ಸಾಲಿನಲ್ಲಿದೆ?” ಎಂದು ಕೇಳಿದಾಗ ಹಲವರು ತೋರಿಸಲಿಲ್ಲ. ಆ ಪುಟದಲ್ಲಿ ಸೆರೆಮನೆಯ ಪ್ರಸ್ತಾಪವೇ ಇರಲಿಲ್ಲ. ಅವರು ನಾಟಕ, ಲಾವಣಿ, ಉತ್ಸವ ಮತ್ತು ಹಿರಿಯರ ಬಾಯಿಂದ ಕೇಳಿದ್ದನ್ನು ಬರೆದಿದ್ದರು. ಅದು ತಪ್ಪಲ್ಲ, ಹೆಮ್ಮೆಯ ವಿಷಯ. ಆದರೆ ಮಗು ಓದಿದೆಯೋ ಕೇಳಿ ಬಲ್ಲದೋ ಎಂಬುದು ವಹಿಯಿಂದ ಮಾತ್ರ ತಿಳಿಯುವುದಿಲ್ಲ. ಅವರ ಟಿಪ್ಪಣಿ ಹೀಗಿತ್ತು: “ಪುಟದಲ್ಲಿ ಇಲ್ಲದ್ದನ್ನು ಸರಿಯಾಗಿ ಹೇಳಿದ. ಪುಟದಲ್ಲಿ ಇರುವುದನ್ನು ಹುಡುಕಲು ಕಲಿಸಬೇಕು.”

ಸವದತ್ತಿಯ ಸಹಪಾಠಿಗೆ ಹಾಜರಾತಿಯದೇ ಚಿಂತೆ. ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡದಲ್ಲಿ ಅಂಗಡಿ ಇಟ್ಟ ಮನೆಗಳ ಮಕ್ಕಳು ವ್ಯಾಪಾರಕ್ಕೆ ನಿಲ್ಲುತ್ತಾರೆ. ಸಮಾಲೋಚನೆಯ ಸರದಿ ತಪ್ಪುತ್ತದೆ. ಅವರು ವಹಿಯನ್ನು ಮಕ್ಕಳ ಜೊತೆಗೇ ಕಳಿಸಿ, ಗುಡ್ಡದಲ್ಲಿ ಓದಿದ ಬಸ್ಸಿನ ಬೋರ್ಡು, ಊರಿನ ಹೆಸರು, ದರದ ಪಟ್ಟಿಗಳನ್ನು ಬರೆದು ತರಲು ಹೇಳಿದರು. ಗೈರುಹಾಜರಾದ ಮಗು ಮರಳಿ ಬಂದಾಗ “ಯಾಕ ಬರಲಿಲ್ಲ?” ಎಂಬುದರ ಬದಲು “ಏನು ಓದಿ ಬಂದಿ?” ಎಂದು ಮಾತು ಆರಂಭಿಸಲು ಸಾಧ್ಯವಾಯಿತು.

ರಾಮದುರ್ಗದ ಶಾಲೆಯಲ್ಲಿ ನೇಕಾರರ ಮನೆಯ ಮಕ್ಕಳು ಹೆಚ್ಚು. ಶಾಲೆ ಬಿಟ್ಟ ಮೇಲೆ ಕಂಡಿಕೆ ಸುತ್ತುವ ಕೆಲಸ ಇರುತ್ತದೆ, ಮಗ್ಗದ ಸದ್ದಿನಲ್ಲಿ ಓದು ಕಷ್ಟ. ಮನೆಯಲ್ಲಿ ಓದಿ ಬರೆದುಕೊಂಡು ಬನ್ನಿ ಎಂದರೆ ಖಾಲಿ ವಹಿ ಬರುತ್ತಿತ್ತು. ಮೊದಲು ಸಹಪಾಠಿ ಅದನ್ನು ನಿರಾಸಕ್ತಿ ಎಂದು ತಿಳಿದರು. ಸಮಾಲೋಚನೆಯಲ್ಲಿ ಕಾರಣ ತಿಳಿದ ಮೇಲೆ ಓದು ಮತ್ತು ವಹಿ ಎರಡನ್ನೂ ಶಾಲೆಯ ಅವಧಿಯೊಳಗೇ ತಂದರು. ಅವರು ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು: ಮಕ್ಕಳು ವಿಶ್ವಾಸದಿಂದ ಹೇಳುವ ಮನೆಯ ಸಾಲ, ಜಗಳ, ಕಾಯಿಲೆಯ ಮಾತುಗಳನ್ನು ಟಿಪ್ಪಣಿಯಲ್ಲಿ ಬರೆಯಬಾರದು. ‘ಮನೆಯಲ್ಲಿ ಓದಲು ಅನುಕೂಲವಿಲ್ಲ, ಶಾಲೆಯಲ್ಲಿ ಸಮಯ ಕೊಡಬೇಕು’ ಎಂದಷ್ಟೇ ಬರೆದರೆ ಸಾಕು.

ಇತಿಮಿತಿಗಳು

ಪರೀಕ್ಷೆ ಮತ್ತು ರಜೆಗಳು ಕಳೆದು ಪ್ರತಿ ಮಗುವಿಗೆ ನಾಲ್ಕೈದು ಬಾರಿ ಮಾತ್ರ ಸಮಾಲೋಚನೆ ಸಾಧ್ಯವಾಯಿತು. ನಾನು ಒಬ್ಬರೊಂದಿಗೆ ಮಾತನಾಡುವಾಗ ಉಳಿದವರು ಯಾವಾಗಲೂ ಓದುತ್ತಿದ್ದರು ಎಂದು ಹೇಳಲಾರೆ, ಗದ್ದಲವೂ ಇತ್ತು. 60 ಮಕ್ಕಳ ತರಗತಿಯಲ್ಲಿ ಇದೇ ಲೆಕ್ಕ ನಡೆಯದು. ಅಲ್ಲಿ ಓದಿನಲ್ಲಿ ಹಿಂದುಳಿದವರ ಸರದಿ ಬೇಗ ಬರುವಂತೆ ಮಾಡಬೇಕಾದೀತು.

ಆ ಹುಡುಗಿ ಕೊನೆಯ ಸಮಾಲೋಚನೆಯಲ್ಲಿ ಸೂಕ್ಷ್ಮಜೀವಿಗಳ ಪಾಠದ ಒಂದು ಪರಿಚ್ಛೇದವನ್ನು ನಿಧಾನವಾಗಿ, ಎರಡು ಕಡೆ ನಿಂತು ಓದಿದಳು. ಇನ್ನೂ ತರಗತಿಯ ಮಟ್ಟಕ್ಕೆ ಬಂದಿಲ್ಲ. ಆದರೆ ‘ನಾನು ನಿಂತ ಪದ’ ಎಂಬಲ್ಲಿ ತನ್ನ ಪದಗಳನ್ನೇ ಬರೆಯುತ್ತಾಳೆ, ಗೆಳತಿಯ ಪದಗಳನ್ನಲ್ಲ. ನಾನು ಶಾಲೆ ಬಿಡುವ ದಿನ ಆಕೆಯ ಟಿಪ್ಪಣಿಗಳ ಪುಟವನ್ನು ಆಕೆಗೆ ಓದಿ ಹೇಳಿಯೇ ಮಾರ್ಗದರ್ಶಕ ಶಿಕ್ಷಕಿಯವರಿಗೆ ಒಪ್ಪಿಸಿದೆ.

ಸಲಹೆಗಳು

1. ಓದಿನ ವಹಿಗೆ ಅಂಕ ಬೇಡ. ಮೌಲ್ಯಮಾಪನಕ್ಕೆ ಬೇರೆ ಚಟುವಟಿಕೆಗಳಿವೆ.
2. ವಹಿಯನ್ನು ಓದಿ ಸಹಿ ಹಾಕಿದರೆ ಸಾಲದು, ಮೂರು ನಿಮಿಷವಾದರೂ ಮಗುವಿನೊಂದಿಗೆ ಮಾತನಾಡಬೇಕು.
3. ಪ್ರತಿ ಟಿಪ್ಪಣಿಯ ಕೊನೆಯಲ್ಲಿ ಶಿಕ್ಷಕರು ಮುಂದೆ ಮಾಡಬೇಕಾದ ಒಂದು ಕೆಲಸ ಇರಬೇಕು.
4. ಟಿಪ್ಪಣಿ ಪುಸ್ತಕವನ್ನು ಭದ್ರವಾಗಿ ಇಡಬೇಕು. ಆದರೂ ಅದು ಮಗುವಿನ ಕೈಗೆ ಸಿಕ್ಕೀತು ಎಂದು ತಿಳಿದೇ ಬರೆಯಬೇಕು.
5. ಮನೆಯ ಮಾತಿನ ಪದ ಮತ್ತು ಪಠ್ಯದ ಪದ ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಬೇಕು.

ನಮ್ಮ ಬೋಧನಾಭ್ಯಾಸದ ದಾಖಲೆಗಳಲ್ಲಿ ಪಾಠ ಯೋಜನೆ, ವೀಕ್ಷಣಾ ವರದಿ, ಘಟಕ ಪರೀಕ್ಷೆಯ ವಿಶ್ಲೇಷಣೆ ಇವೆ. ಪ್ರಶಿಕ್ಷಣಾರ್ಥಿಯು ಐದು ಮಕ್ಕಳ ಓದಿನ ಬಗ್ಗೆ ಬರೆದ ಸಮಾಲೋಚನಾ ಟಿಪ್ಪಣಿಗಳನ್ನೂ ಸೇರಿಸಿ, ಮೇಲ್ವಿಚಾರಕ ಉಪನ್ಯಾಸಕರು ಅವನ್ನು ನಮ್ಮೊಂದಿಗೆ ಕುಳಿತು ಓದಿದರೆ ಉಪಯೋಗವಾದೀತು ಎಂದು ವಿನಂತಿಸುತ್ತೇನೆ. ಸಹಪಾಠಿಗಳ ಪಾಠ ವೀಕ್ಷಣೆಯಲ್ಲಿ ನಾನೇ ‘ತರಗತಿ ನಿರ್ವಹಣೆ ಸಾಧಾರಣ’ ಎಂದು ಎಷ್ಟೋ ಸಲ ಬರೆದಿದ್ದೇನೆ. ಅದನ್ನು ಓದಿದವರಿಗೆ ಮುಂದಿನ ಪಾಠಕ್ಕೆ ಏನೂ ಸಿಕ್ಕಿರಲಾರದು. ಈಗ ಅಲ್ಲಿಯೂ ಅವರು ಮಾಡಿದ್ದನ್ನು ಬರೆದು, ಅವರಿಗೇ ಓದಿ ಹೇಳಿ, ಆಮೇಲೆ ಸಹಿ ಹಾಕುತ್ತಿದ್ದೇನೆ.